ಹನ್ನೆರಡು ಲೀಟರ್ ಕೂಲಂಟ್ ಮೊದಲು, ನೀರು ಆಮೇಲೆ

ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಹಿಡಿದು ಉತ್ತರಕ್ಕೆ ಹೊರಟರೆ ಶ್ರೀನಗರ ಸಿಗುತ್ತದೆ. ಚಳಿಗಾಲದಲ್ಲಿ ನನ್ನ ಲಾರಿ ಅಲ್ಲಿಂದ ಸೇಬು ತುಂಬಿಕೊಂಡು ಬರುತ್ತದೆ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ‘ಚಿಲ್ಲೈ ಕಲಾನ್’ ಎಂಬ ಕಡುಚಳಿ. ರಾತ್ರಿ ನಲ್ಲಿಯ ನೀರೂ ಹೆಪ್ಪುಗಟ್ಟುತ್ತದೆ. ಹಾಗಾಗಿ, ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ತುಂಬುವ ಕೂಲಂಟ್ ದ್ರವವೆಂದರೆ ಚಳಿಗೆ ಹಾಕುವ ಮದ್ದು ಎಂದೇ ಬಹಳ ವರ್ಷ ನಂಬಿದ್ದೆ. ಊರಿಗೆ ಬಂದ ಮೇಲೆ ಕಡಿಮೆಯಾದಷ್ಟಕ್ಕೂ ಕೊಳವೆಬಾವಿ ನೀರು ಸುರಿಯುತ್ತಿದ್ದೆ.

ಒಂದು ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ಬಿಚ್ಚಿದ ಮೇಸ್ತ್ರಿ, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಒಂದನ್ನು ತೆಗೆದು ಬೆಳಕಿಗೆ ಹಿಡಿದು, “ಅಣ್ಣಾ, ಇಲ್ಲಿ ನೋಡಿ” ಎಂದರು. ನೀರು ತಾಗುವ ಹೊರಮೈಯಲ್ಲಿ, ಒಂದೇ ಪಕ್ಕಕ್ಕೆ, ಸೂಜಿಯಿಂದ ಚುಚ್ಚಿದಂತೆ ಸಾಲುಗುಳಿಗಳು. ಒಂದು ಗುಳಿ ಒಳಗಿನವರೆಗೂ ತೂತಾಗಿ, ಅಲ್ಲಿಂದಲೇ ನೀರು ಆಯಿಲ್ ಸೇರಿತ್ತು. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತದೆ. ಆ ನಡುಕಕ್ಕೆ ಸುತ್ತಲಿನ ದ್ರವದಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ, ಲೋಹದ ಮೈಮೇಲೆಯೇ ಒಡೆದು, ಅದನ್ನು ಕಣಕಣವಾಗಿ ಕೆರೆಯುತ್ತವೆ. ಇದನ್ನು ತಡೆಯುವ ರಾಸಾಯನಿಕಗಳು ಕೂಲಂಟಿನಲ್ಲಿರುತ್ತವೆ. ನಾನು ಅವನ್ನೇ ನೀರು ಸುರಿದು ತೆಳುವಾಗಿಸುತ್ತಾ ಬಂದಿದ್ದೆ. ಲೈನರ್‌ಗಳು ಕೂರುವ ಎಂಜಿನ್ ಬ್ಲಾಕ್ ಒಳಗೆ ಸುಣ್ಣದಂತಹ ಬಿಳಿ ಪದರ ಬೇರೆ ಕಟ್ಟಿತ್ತು. ಅದು ನಮ್ಮ ಗಡಸು ನೀರಿನ ಕೊಡುಗೆ.

ಅಂದಿನಿಂದ ಕ್ಯಾನಿನ ಬಣ್ಣ ನೋಡಿ ಕೊಳ್ಳುವುದನ್ನು ಬಿಟ್ಟೆ. ಹಸಿರು, ಕೆಂಪು ಎಲ್ಲವೂ ಬರಿಯ ಬಣ್ಣ; ಒಂದು ಕಂಪನಿಯ ಕೆಂಪು ಇನ್ನೊಂದು ಕಂಪನಿಯ ಕೆಂಪಿಗೆ ಹೊಂದಬೇಕೆಂದಿಲ್ಲ. ಎಂಜಿನ್ ಕೈಪಿಡಿ ಹೇಳಿದ ಬಗೆಯನ್ನೇ ತರುತ್ತೇನೆ, ಲೇಬಲ್ಲಿನಲ್ಲಿ ಹೆವಿ ಡ್ಯೂಟಿ ಎಂಜಿನ್ ಕೂಲಂಟಿನ ಮಾನದಂಡವಾದ ಎಎಸ್‌ಟಿಎಂ ಡಿ6210 ಗುರುತು ಇದೆಯೇ ಎಂದು ಓದುತ್ತೇನೆ. ಕಾರಿನ ಕೂಲಂಟನ್ನು ಲಾರಿಗೆ ಹಾಕುವುದಿಲ್ಲ.

ಬೆರೆಸುವಾಗ ನಾನು ಮಾಡಿದ ತಪ್ಪು ಇನ್ನೊಂದು. ನನ್ನ ಲಾರಿಗೆ ಒಟ್ಟು 24 ಲೀಟರ್ ಹಿಡಿಯುತ್ತದೆ. ಎಂಜಿನ್ ತಣಿದ ಮೇಲೆ ರೇಡಿಯೇಟರ್ ಕೆಳಗಿನ ಕಾಕ್ ಬಿಚ್ಚಿದರೆ 16 ಲೀಟರ್ ಮಾತ್ರ ಇಳಿಯುತ್ತದೆ. ಉಳಿದ 8 ಲೀಟರ್ ಬ್ಲಾಕ್ ಮತ್ತು ಹೀಟರ್ ಕೊಳವೆಗಳಲ್ಲೇ ನಿಂತಿರುತ್ತದೆ. ಶುದ್ಧ ನೀರು ತುಂಬಿಸಿ, ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ, ತಣಿಸಿ, ಮತ್ತೆ ಇಳಿಸಿ, ಹೀಗೆ ನೀರು ತಿಳಿಯಾಗುವವರೆಗೆ ತೊಳೆದ ಮೇಲೆ ಆ 8 ಲೀಟರ್ ಬರಿಯ ನೀರೇ. ಅದರ ಮೇಲೆ ಕೂಲಂಟ್, ನೀರು ಅರ್ಧಕ್ಕರ್ಧ ಬೆರೆಸಿದ 16 ಲೀಟರ್ ಸುರಿದರೆ, ಕೂಲಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಮಾರು ಮೈನಸ್ 18 ಡಿಗ್ರಿವರೆಗೆ ಹೆಪ್ಪುಗಟ್ಟದು, ಕಾಶ್ಮೀರದ ಕಣಿವೆಗೆ ಅಷ್ಟು ಸಾಕು. ಆದರೆ ಲೈನರ್ ಕಾಯುವ ಮದ್ದು ಕಡಿಮೆಯಾಗಿಬಿಡುತ್ತದೆ. ಈಗ ಮೊದಲು 12 ಲೀಟರ್ ಗಟ್ಟಿ, ಅಂದರೆ ನೀರು ಬೆರೆಸದ, ಕೂಲಂಟ್ ಹಾಕಿ, ಆಮೇಲೆ 4 ಲೀಟರ್ ಡಿಸ್ಟಿಲ್ಡ್ ವಾಟರ್ ಸುರಿಯುತ್ತೇನೆ. ಗಾಳಿ ಹೊರಟು ಮಟ್ಟ ನಿಂತ ಮೇಲೆ, ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ರಿಫ್ರ್ಯಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಬಿಟ್ಟು ನೋಡಿದರೆ ಮೈನಸ್ 37ರ ಹತ್ತಿರ ತೋರಿಸಬೇಕು.

ಗಟ್ಟಿ ಕೂಲಂಟನ್ನೇ ಪೂರ್ತಿ ತುಂಬಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಮ್ಮ ಡ್ರೈವರ್ ಕೇಳಿದ್ದುಂಟು. ಇಲ್ಲ. ಬರಿಯ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಶಾಖ ಹೊರುವುದರಲ್ಲಿಯೂ ನೀರಿಗೆ ಸಾಟಿಯಲ್ಲ. ಘಾಟಿ ಏರುವಾಗ ಎಂಜಿನ್ ಕಾಯಿಸುತ್ತದೆ.

ಇಳಿಸಿದ ಹಳೆಯ ಕೂಲಂಟನ್ನು ಬೋಗುಣಿಯಲ್ಲಿ ತೆರೆದಿಡಬೇಡಿ. ಅದು ಸಿಹಿ, ಜೊತೆಗೆ ವಿಷ. ಶೆಡ್ಡಿನ ನಾಯಿಗಳು ನೆಕ್ಕಿದರೆ ಉಳಿಯುವುದಿಲ್ಲ. ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿಯುತ್ತೇನೆ.

ಕ್ಯಾಬಿನ್ನಿನ ಸೀಟಿನ ಹಿಂದೆ ಈಗ ಯಾವಾಗಲೂ ಅದೇ ಬಗೆಯ, ಬೆರೆಸಿಟ್ಟ 5 ಲೀಟರ್ ಕ್ಯಾನ್ ಇರುತ್ತದೆ. ಢಾಬಾದ ನೀರು ಸುರಿಯಲೇಬೇಕಾಗಿ ಬಂದರೆ ಎಷ್ಟು ಲೀಟರ್ ಎಂಬುದನ್ನು ಡ್ರೈವರ್ ಆ ಕ್ಯಾನಿನ ಮೇಲೆಯೇ ಬರೆದು ತರುತ್ತಾರೆ. ಲಾರಿ ಊರಿಗೆ ಬಂದೊಡನೆ ನಾನು ಮೊದಲು ನೋಡುವುದು ಆ ಅಂಕಿಯನ್ನು.