ಉಪ್ಪು, ಧೂಳು ಮತ್ತು ಅಟ್ಟದಿಂದ ಇಳಿದ ಕೂಲರ್

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನೋ ಮಾತು ದಾವಣಗೆರೆ ಮಟ್ಟಿಗೆ ಸುಳ್ಳಾಗಿದ್ದನ್ನು ನಾನಂತೂ ಕಂಡಿಲ್ಲ. ಹಬ್ಬ ಕಳೆದ ವಾರದೊಳಗೆ ನಮ್ಮ ಮನೆಯಲ್ಲಿ ಕೂಲರ್ ಅಟ್ಟದಿಂದ ಇಳಿಯುತ್ತದೆ. ಇಳಿಸಿದ ಕೂಡಲೇ ನೀರು ತುಂಬಿ ಸ್ವಿಚ್ ಒತ್ತುವವರೇ ಜಾಸ್ತಿ. ಅವಸರ ಬೇಡ. ಮೊದಲು ಹಿಂದಿನ ಜಾಲರಿ ಬಿಚ್ಚಿ ಪ್ಯಾಡ್ ಮುಟ್ಟಿ ನೋಡಿ. ಕೈಗೆ ಸುಣ್ಣದ ಹಾಗೆ ಬಿಳಿ ಪುಡಿ ಅಂಟಿತಾ? ಅದು ನಮ್ಮ ಬೋರ್ ನೀರಿನ ಉಪ್ಪು.

ಕೂಲರ್‌ನಲ್ಲಿ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನಾ ಮೇಲೆ ಮೇಲೆ ನೀರು ಸುರಿದಷ್ಟೂ ಒಳಗಿನದು ಸವಳಾಗುತ್ತಾ ಹೋಗುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮ ಕೂಲರ್ ಪಂಪ್ ನಿಂತುಹೋಯಿತು. ರಿಪೇರಿಗೆ ಬಂದವನು ಕೈಯಲ್ಲಿ ಹಿಡಿದು ನೋಡಿ, 'ಸುಟ್ಟು ಹೋಗಿದೆ' ಅಂದ. ಹೊಸದು ಹಾಕಿಸಿ ದುಡ್ಡು ಕೊಟ್ಟೆ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಸುಮ್ನೆ ಮುಚ್ಚಳ ತೆಗೆದರೆ, ಪುಟ್ಟ ಚಕ್ರದ ಸಂದಿಯಲ್ಲಿ ಹುರುಳಿ ಕಾಳಿನಷ್ಟು ಬಿಳಿ ಚಕ್ಕೆ ಸಿಕ್ಕಿಕೊಂಡಿತ್ತು. ತೆಗೆದು ಬಕೆಟ್‌ಗೆ ಹಾಕಿದೆ, ಗಿರ್ರನೆ ತಿರುಗಿತು! ಆ ಪಂಪ್ ಈಗಲೂ ನನ್ನ ಹತ್ತಿರ ಇದೆ.

ತೊಳೆಯೋಕೆ ದುಬಾರಿ ದ್ರಾವಣ ಬೇಡ. ನಮ್ಮಮ್ಮ ಬಚ್ಚಲ ಮನೆಯ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚುತ್ತಿದ್ದಳಲ್ವಾ, ಇದೂ ಅದೇ ಲೆಕ್ಕ: ಹುಳಿಗೆ ಉಪ್ಪಿನ ಗಡ್ಡೆ ಕರಗುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಹಿಡಿ, ಅರ್ಧ ಬಕೆಟ್ ಬೆಚ್ಚಗಿನ ನೀರು. ಜೇನುಗೂಡಿನಂಥ ಪ್ಯಾಡ್ ಆದರೆ ಅದರಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣಗೆ ನೀರು ಬಿಟ್ಟು ತೊಳೆಯಿರಿ. ಬ್ರಷ್ ಹಾಕಿ ಉಜ್ಜಿದರೆ ಹರಿದುಹೋಗುತ್ತದೆ. ಹುಲ್ಲಿನ ಪ್ಯಾಡ್ ಆದರೆ ತೊಳೆಯುವ ಗೋಜೇ ಬೇಡ, ವರ್ಷಕ್ಕೊಮ್ಮೆ ಹೊಸದು ಹಾಕಿ.

ವಾರಕ್ಕೊಂದು ಸಲ ತೊಟ್ಟಿ ಪೂರ್ತಿ ಖಾಲಿ ಮಾಡಿ ಗೋಡೆ ತಿಕ್ಕಲೇಬೇಕು. ಉಪ್ಪಿಗೆ ಮಾತ್ರ ಅಲ್ಲ, ಡೆಂಗಿ ಸೊಳ್ಳೆ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ನೀರು ಚೆಲ್ಲಿದರೆ ಸಾಲದು ಅನ್ನೋದು ಅದಕ್ಕೇ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಕು ಅಂದುಕೊಳ್ಳಬೇಡಿ. ಮತ್ತೆ, ಕಿಟಕಿ ತೆರೆದಿರಲಿ. ಬಾಗಿಲು ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ರೂಮು ಕುದಿಯುವ ಇಡ್ಲಿ ಪಾತ್ರೆ ಆಗುತ್ತದೆ. ಮುಂಗಾರು ಶುರುವಾಗಿ ಗಾಳಿ ತೇವ ಆಯಿತೋ, ಕೂಲರ್‌ನಿಂದ ಪ್ರಯೋಜನ ಇಲ್ಲ. ಬಿಸಿಲು ಕಂಡ ದಿನ ಒಣಗಿಸಿ ಅಟ್ಟ ಹತ್ತಿಸಿ.

ಇದೇ ಉಪ್ಪು ಗೀಜರ್ ಕಾಯಿಲ್‌ಗೂ ಕಟ್ಟುತ್ತದೆ. ನೀರು ಕಾಯುವಾಗ ಒಳಗೆ ಕಲ್ಲು ಕುದಿದ ಹಾಗೆ ಟಕಟಕ ಸದ್ದು ಬಂತೆಂದರೆ ಗಡ್ಡೆ ಕಟ್ಟಿದೆ ಅಂತಲೇ. ನೀರು ಬಿಸಿ ಜಾಸ್ತಿ ಆದಷ್ಟೂ ಉಪ್ಪು ಬೇಗ ಕಟ್ಟುತ್ತದೆ. ಹಾಗಾಗಿ ತಿರುಗಣೆ ತುದಿಗೆ ಏರಿಸದೆ 55 ರಿಂದ 60 ಡಿಗ್ರಿಗೆ ಇಡಿ. ಟ್ಯಾಂಕ್ ಒಳಗೊಂದು ಮೆಗ್ನೀಸಿಯಮ್ ಕಡ್ಡಿ ಇರುತ್ತದೆ, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುತ್ತದೆ. ವರ್ಷಕ್ಕೊಮ್ಮೆ ಕೆಲಸ ಗೊತ್ತಿದ್ದವರಿಂದ ಬಿಚ್ಚಿಸಿ, ಕಣ್ಣೆದುರೇ ನೋಡಿ, ಸವೆದಿದ್ದರೆ ಬದಲಿಸಿ. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ಹನಿ ಬಿದ್ದರೆ ಗಾಬರಿ ಆಗಬೇಡಿ, ಒತ್ತಡ ಬಿಡೋಕೇ ಅದು ಇರೋದು. ಸೋರುತ್ತೆ ಅಂತ ಬಟ್ಟೆ ತುರುಕಿದ ಮನೆ ನೋಡಿದ್ದೇನೆ. ಬಾಂಬ್ ಕಟ್ಟಿಟ್ಟ ಹಾಗೆ ಅದು.

ನೀರು ಕಾಯಿಸುವ ಸೋಲಾರ್‌ನ ಗಾಜಿನ ಕೊಳವೆಗಳ ಧೂಳನ್ನು ಬೆಳಗಿನ ಜಾವ ಒರೆಸಿ. ನಡು ಮಧ್ಯಾಹ್ನ ತಣ್ಣೀರು ಎರಚಿದರೆ ಗಾಜು ಸೀಳಬಹುದು.

ಎಸಿ ಇದ್ದವರಿಗೆ ಉಪ್ಪಿನ ಕಾಟ ಇಲ್ಲ, ಧೂಳಿನದೇ ಕಾಟ. ಮಗಳ ಮನೆ ಮಂಡಕ್ಕಿ ಬಟ್ಟಿಗಳ ಕಡೆ. ಫಿಲ್ಟರ್ ಹದಿನೈದು ದಿನಕ್ಕೇ ಕಪ್ಪಾಗಿರುತ್ತದೆ. ನಲ್ಲಿ ಕೆಳಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ ಹಾಕುತ್ತಾಳೆ, ಐದು ನಿಮಿಷದ ಕೆಲಸ. ತಂಪು ಕಮ್ಮಿ ಆಯಿತು ಅಂದಾಗ 'ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಅಮ್ಮಾ' ಅನ್ನುವವರ ಮಾತು ನಂಬಬೇಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಮ್ಮಿ ಆಗಿದ್ದರೆ ಎಲ್ಲೋ ಸೋರಿದೆ, ಮೊದಲು ಅದನ್ನು ಮುಚ್ಚಲಿ.

ಎಸಿ ಪೈಪಿನಿಂದ ಹೊರಗೆ ಬೀಳುವ ನೀರನ್ನು ಮೋರಿಗೆ ಬಿಡಬೇಡಿ. ಗಾಳಿಯ ತೇವವೇ ನೀರಾಗಿದ್ದು, ಅದರಲ್ಲಿ ಉಪ್ಪಿಲ್ಲ. ಇನ್ವರ್ಟರ್ ಬ್ಯಾಟರಿಗೆ ಮಾತ್ರ ಹಾಕಬೇಡಿ, ಧೂಳು ಸೇರಿರುತ್ತದೆ. ಮಗಳು ಬಕೆಟ್ ಇಟ್ಟು ಹಿಡಿದು ನೆಲ ಒರೆಸುತ್ತಾಳೆ. ಅವಳ ಟೈಲ್ಸ್ ಮೇಲೆ ಬಿಳಿ ಕಲೆ ಇಲ್ಲ, ನನ್ನ ಮನೆಯಲ್ಲಿ ಇದೆ.