ನೋವಿಲ್ಲದ ಕಾಯಿಲೆಗೆ ಮಾತ್ರೆ ಕೊಡುವ ಕೆಲಸ

ಅವರು ಬಂದಾಗ ಎರಡೂ ಕಾಲು ಬಾತುಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹದಿನೈದು ದಿನದಿಂದ ಊಟ ಸೇರುತ್ತಿಲ್ಲ, ಮೈಯೆಲ್ಲ ತುರಿಕೆ, ಬೆಳಿಗ್ಗೆ ಎದ್ದರೆ ವಾಕರಿಕೆ ಅಂದರು. ವಯಸ್ಸು 52. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 11. ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತೇ ಹೋಗಿದ್ದವು.

ಅವರ ಹೆಂಡತಿ ಕೇಳಿದ್ದು ಒಂದೇ ಮಾತು. "ಹೋದ ತಿಂಗಳ ತನಕ ಕೆಲಸಕ್ಕೆ ಹೋಗ್ತಿದ್ರಲ್ಲ ಡಾಕ್ಟ್ರೇ, ಇದ್ದಕ್ಕಿದ್ದಂಗೆ ಹೆಂಗಾಯ್ತು?"

ಇದ್ದಕ್ಕಿದ್ದಂತೆ ಆಗಿರಲಿಲ್ಲ. ಅವತ್ತು ಸಂಜೆ ಕ್ಲಿನಿಕ್ಕಿನ ಹಳೇ ರಿಜಿಸ್ಟರ್‌ಗಳನ್ನು ತೆಗೆದು ಕೂತೆ. ಅವರ ಹೆಸರು ಮೂರು ಕಡೆ ಸಿಕ್ಕಿತು. ಒಮ್ಮೆ ಕೆಮ್ಮಿಗೆ ಬಂದಿದ್ದರು, ಬಿಪಿ 160/100. ಕೆಲವು ತಿಂಗಳ ನಂತರ ಕಾಲಿನ ಗಾಯಕ್ಕೆ, 168/104. ಮತ್ತೊಮ್ಮೆ ಜ್ವರಕ್ಕೆ, 172/106. ಮೂರೂ ಸಲ ಬರೆದದ್ದು ನನ್ನ ಕೈಬರಹ. ಕೆಮ್ಮಿಗೆ ಔಷಧಿ ಕೊಟ್ಟಿದ್ದೆ, ಗಾಯಕ್ಕೆ ಪಟ್ಟಿ ಕಟ್ಟಿದ್ದೆ, ಜ್ವರಕ್ಕೆ ಮಾತ್ರೆ ಬರೆದಿದ್ದೆ. ಬಿಪಿಗೆ ಏನೂ ಇಲ್ಲ. ಮೂತ್ರ ಪರೀಕ್ಷೆ ಇಲ್ಲ. ಮತ್ತೆ ಬಂದು ತೋರಿಸಿ ಅಂತ ಹೇಳಿದ ಗುರುತೂ ಇಲ್ಲ. ಅವರು ಏನಕ್ಕೆ ಬಂದಿದ್ದರೋ ಅಷ್ಟನ್ನೇ ನೋಡಿ ಕಳಿಸಿದ್ದೆ.

ಆ ಮೂರು ಸಾಲುಗಳಿಂದ ನಮ್ಮ ಕ್ಲಿನಿಕ್ಕಿನ ಕೆಲಸ ಬದಲಾಯಿತು. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಕಿಡ್ನಿ ತಜ್ಞರಿಲ್ಲ, ಡಯಾಲಿಸಿಸ್ ಯಂತ್ರ ಇಲ್ಲ. ಇರುವುದು ಒಬ್ಬ ಡಾಕ್ಟರ್, ಒಬ್ಬ ನರ್ಸ್, ಮನೆ ಮನೆಗೆ ಹೋಗುವ ಇಬ್ಬರು ಆರೋಗ್ಯ ಕಾರ್ಯಕರ್ತೆಯರು. ಬಡ ದೇಶಗಳಲ್ಲಿ ಬಹಳಷ್ಟು ಕಡೆ ಇಷ್ಟೇ ಇರುತ್ತದೆ. ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಸಿಗದೆ 2010ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಕನಿಷ್ಠ 22 ಲಕ್ಷ ಜನ ತೀರಿಕೊಂಡಿರಬಹುದು ಅಂತ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತ್ತು. ಹಾಗಾಗಿ ಕಿಡ್ನಿ ಉಳಿಸುವ ಕೆಲಸ ನಡೆಯಬೇಕಾದದ್ದು ನಮ್ಮಂಥ ಕಡೆಯೇ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬರುತ್ತದೆ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಕೆಲವು ಸೋಸುಕಗಳು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಮೈಗೆ ಏನೂ ಗೊತ್ತಾಗುವುದಿಲ್ಲ. ಆದರೆ ಜಾಸ್ತಿ ಹೊರೆ ಹೊತ್ತವು ಬೇಗ ಸವೆಯುತ್ತವೆ. ಕಾಲು ಬಾತು, ಊಟ ಸೇರದೆ ರೋಗಿ ನಮ್ಮ ಮುಂದೆ ಬಂದು ಕೂರುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ.

ಮೊದಲು ಶುರು ಮಾಡಿದ್ದು ಬಿಪಿಯಿಂದ. 30 ದಾಟಿದವರು ಯಾವ ಕಾರಣಕ್ಕೆ ಬಂದರೂ ಬಿಪಿ ನೋಡಲೇಬೇಕು ಅಂತ ಮಾಡಿದೆವು. ಬರೀ ನೋಡಿದರೆ ಸಾಲದು, ಸರಿಯಾಗಿ ನೋಡಬೇಕು. ಐದು ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡಿಸದೆ ಎರಡು ಸಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ನಮ್ಮಲ್ಲಿ ಒಂದೇ ಅಳತೆಯ ಪಟ್ಟಿ ಇತ್ತು. ದೊಡ್ಡದೊಂದು ತರಿಸಿದ ಮೇಲೆ ಕೆಲವರಿಗೆ ಮಾತ್ರೆಯೇ ಬೇಕಿಲ್ಲ ಅಂತ ತಿಳಿಯಿತು.

ಎರಡನೆಯದು ಮೂತ್ರದ ಪಟ್ಟಿ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಅಂತ ಬಣ್ಣ ಬದಲಿಸಿ ತೋರಿಸುವ ಪಟ್ಟಿ. ಬಿಪಿ ಇದ್ದವರು, ಶುಗರ್ ಇದ್ದವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಹೋಗಿದ್ದರೆ ಅವರ ರಕ್ತಸಂಬಂಧಿಗಳು, ಬಸುರಿನಲ್ಲಿ ಬಿಪಿ ಏರಿದ್ದ ಹೆಂಗಸರು, ಇವರೆಲ್ಲರಿಗೂ ವರ್ಷಕ್ಕೊಮ್ಮೆಯಾದರೂ. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡು ಕಾದು, ಬಣ್ಣ ಹೋಲಿಸುವುದು. ಪ್ರೋಟೀನ್ ಜಾಸ್ತಿಯಾದಷ್ಟೂ ಪ್ಲಸ್ ಗುರುತು ಜಾಸ್ತಿ. ಸುಲಭ ಅನ್ನಿಸುತ್ತದೆ, ಅಲ್ವಾ? ಮೊದಲ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟೆವು. ಪಟ್ಟಿಗಳು ತೇವ ಹೀರಿ ಬಣ್ಣ ಕೆಟ್ಟವು. ಒಂದು ವಾರದ ಫಲಿತಾಂಶವನ್ನೆಲ್ಲ ಹೊಡೆದುಹಾಕಿ ಎಲ್ಲರನ್ನೂ ಮತ್ತೆ ಕರೆಸಬೇಕಾಯಿತು.

ಒಂದು ಸಲ ಪ್ರೋಟೀನ್ ಕಂಡ ಮಾತ್ರಕ್ಕೆ ಕಿಡ್ನಿ ಕಾಯಿಲೆ ಅಂತ ಹೇಳಬಾರದು. ಜ್ವರ ಇದ್ದಾಗ, ಮೈಮುರಿದು ಕೆಲಸ ಮಾಡಿದ ಮೇಲೆ, ಮೂತ್ರದಲ್ಲಿ ಸೋಂಕಿದ್ದಾಗ, ಮುಟ್ಟಿನ ದಿನಗಳಲ್ಲಿ ಸುಮ್ನೆ ಬರಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಬೇಕು. ಮೂರು ತಿಂಗಳಾದರೂ ಹಾಗೇ ಇದ್ದರೆ ಆಗ ಅದು ದೀರ್ಘಕಾಲದ ಕಾಯಿಲೆ. ಶುಗರ್ ಇರುವವರಲ್ಲಿ ಮೊದಮೊದಲು ಸೋರುವ ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಕಡಿಮೆ ಅಂದರೆ ಪಟ್ಟಿ ಅದನ್ನು ಹಿಡಿಯುವುದೇ ಇಲ್ಲ. ಅವರ ಮೂತ್ರವನ್ನು ಲ್ಯಾಬ್‌ಗೆ ಕಳಿಸಿ ಅಲ್ಬುಮಿನ್ ಮತ್ತು ಕ್ರಿಯೇಟಿನಿನ್‌ಗಳ ಅನುಪಾತ ನೋಡಿಸುತ್ತೇವೆ. ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಕಿಡ್ನಿಗೆ ಪೆಟ್ಟು ಬೀಳತೊಡಗಿದೆ ಅಂತ ಅರ್ಥ.

ಮೂರನೆಯದು ಕ್ರಿಯೇಟಿನಿನ್. ಇದರಲ್ಲಿ ನಾನು ಬಹಳ ಕಾಲ ಮೋಸ ಹೋಗಿದ್ದೆ. 70 ವರ್ಷದ ಸಣಕಲು ಅಜ್ಜಿಯೊಬ್ಬರ ರಿಪೋರ್ಟ್‌ನಲ್ಲಿ 1.2 ಇತ್ತು. ಪಕ್ಕದಲ್ಲಿ ನಾರ್ಮಲ್ ಅಂತ ಅಚ್ಚಾಗಿತ್ತು. ಕ್ರಿಯೇಟಿನಿನ್ ಬರುವುದು ಮಾಂಸಖಂಡದಿಂದ. ಅಜ್ಜಿಯ ಮೈಯಲ್ಲಿ ಮಾಂಸಖಂಡವೇ ಕಡಿಮೆ. ವಯಸ್ಸು, ಹೆಣ್ಣೋ ಗಂಡೋ ಅನ್ನುವುದನ್ನು ಸೇರಿಸಿ 2021ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅವರ ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್‌ಆರ್, ಸುಮಾರು 49. ಅದೇ 1.2 ಇರುವ 25ರ ಹುಡುಗನಿಗೆ ಸುಮಾರು 86. ಒಂದೇ ಅಂಕಿ, ಒಬ್ಬರ ಕಿಡ್ನಿ ಚೆನ್ನಾಗಿದೆ, ಇನ್ನೊಬ್ಬರದು ಅರ್ಧಕ್ಕೆ ಇಳಿದಿದೆ. ಈಗ ನಾನು ಕ್ರಿಯೇಟಿನಿನ್ ಒಂದನ್ನೇ ಓದುವುದನ್ನು ಬಿಟ್ಟಿದ್ದೇನೆ. ಫೋನಿನಲ್ಲಿ ಲೆಕ್ಕ ಹಾಕಲು ಅರ್ಧ ನಿಮಿಷ ಸಾಕು. ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ ಮೂರು ತಿಂಗಳಲ್ಲಿ ಮತ್ತೊಮ್ಮೆ.

ಹೊಸ ರೋಗಿಗಳನ್ನು ಹೀಗೆ ಕಂಡುಹಿಡಿಯುವುದು ಅಷ್ಟು ಕಷ್ಟವಾಗಲಿಲ್ಲ. ಕಷ್ಟ ಶುರುವಾಗಿದ್ದು ಆಮೇಲೆ.

ನೋವಿಗೆ ಮಾತ್ರೆ ಕೊಟ್ಟರೆ ಜನ ನುಂಗುತ್ತಾರೆ, ನೋವು ಹೋದರೆ ಬಿಡುತ್ತಾರೆ. ಅದೇ ಅಭ್ಯಾಸ. ಇಲ್ಲಿ ನೋವೇ ಇಲ್ಲ. ಬಿಪಿ 130ಕ್ಕೆ ಇಳಿದ ದಿನ ನಾವು "ಬಿಪಿ ನಾರ್ಮಲ್ ಬಂತು" ಅಂತ ಸಂತೋಷದಿಂದ ಹೇಳುತ್ತಿದ್ದೆವು. ಅವರು ಅದಕ್ಕಿಂತ ಸಂತೋಷದಿಂದ ಮನೆಗೆ ಹೋಗಿ ಮಾತ್ರೆ ನಿಲ್ಲಿಸುತ್ತಿದ್ದರು. ಎಷ್ಟೋ ತಿಂಗಳ ನಂತರ ಅರ್ಥವಾಯಿತು, ತಪ್ಪು ನಮ್ಮ ಮಾತಿನಲ್ಲಿತ್ತು. ನಾರ್ಮಲ್ ಅಂದರೆ ಕಾಯಿಲೆ ವಾಸಿಯಾಯಿತು ಅಂತ ತಾನೇ ಯಾರಾದರೂ ತಿಳಿಯುವುದು? ಈಗ ಹಾಗೆ ಹೇಳುವುದಿಲ್ಲ. "ಮಾತ್ರೆ ನುಂಗ್ತಿರೋದಕ್ಕೆ ಇಷ್ಟಿದೆ. ಬಿಟ್ರೆ ಮತ್ತೆ ಏರುತ್ತೆ" ಅನ್ನುತ್ತೇವೆ.

ಒಬ್ಬೊಬ್ಬರಿಗೂ ಒಂದು ಸಣ್ಣ ಪುಸ್ತಕ ಕೊಟ್ಟೆವು. ಬಿಪಿ, ಮೂತ್ರದ ಪ್ರೋಟೀನ್, ಕ್ರಿಯೇಟಿನಿನ್, ಮುಂದಿನ ತಾರೀಖು. ಪುಸ್ತಕ ಅವರ ಕೈಯಲ್ಲೇ ಇರುತ್ತದೆ. ಓದು ಬಾರದವರೂ ಮೊಮ್ಮಕ್ಕಳ ಕೈಲಿ ಓದಿಸಿಕೊಂಡು ಬರುತ್ತಾರೆ. "ಹೋದ ಸಲ ಎರಡು ಪ್ಲಸ್ ಇತ್ತು, ಈ ಸಲ ಒಂದೇ" ಅಂತ ಅವರೇ ಹೇಳುವಾಗ ನನಗೆ ಆಗುವ ಸಂತೋಷ ಬೇರೆ. ಮೈಗೆ ಕಾಣದ ಕಾಯಿಲೆ ಆ ಪುಸ್ತಕದಲ್ಲಿ ಅವರ ಕಣ್ಣಿಗೆ ಕಾಣುತ್ತದೆ.

ಮಾತ್ರೆಯನ್ನು ವಾರಕ್ಕೆ ಕೊಡುವುದನ್ನು ನಿಲ್ಲಿಸಿ ತಿಂಗಳಿಗಾಗುವಷ್ಟು ಕೊಡತೊಡಗಿದೆವು. ಒಂದು ದಿನದ ಕೂಲಿ ಬಿಟ್ಟು ಪ್ರತಿ ವಾರ ಯಾರು ಬರುತ್ತಾರೆ? ತಾರೀಖು ಕಳೆದು ಒಂದು ವಾರವಾದರೂ ಬಾರದವರ ಮನೆಗೆ ಕಾರ್ಯಕರ್ತೆ ಹೋಗುತ್ತಾರೆ. ಬೈಯಲು ಅಲ್ಲ. ಯಾಕೆ ಬರಲಾಗಲಿಲ್ಲ ಅಂತ ಕೇಳಲು. ಕೆಮ್ಮು ಬಂತು ಅದಕ್ಕೆ ಬಿಟ್ಟೆ, ಇನ್ನೊಬ್ಬರು ಬಿಡು ಅಂದರು ಅದಕ್ಕೆ ಬಿಟ್ಟೆ ಅನ್ನುವ ಕಾರಣಗಳು ಮನೆಯ ಜಗಲಿಯ ಮೇಲೆ ಹೊರಬರುತ್ತವೆ. ಕ್ಲಿನಿಕ್ಕಿನಲ್ಲಿ ನನ್ನ ಮುಂದೆ ಅವರು ತಲೆಯಾಡಿಸಿ ಹೋಗುತ್ತಾರೆ, ಅಷ್ಟೇ.

ಮಾತ್ರೆ ಯಾವುದು ಅಂದರೆ ಹೆಚ್ಚಾಗಿ ಎನಲಾಪ್ರಿಲ್ ಅಥವಾ ಲೋಸಾರ್ಟನ್. ಹಳೆಯವು, ಅಗ್ಗದವು. ಬಿಪಿ ಇಳಿಸುವುದರ ಜೊತೆಗೆ ಸೋಸುಕದ ಒಳಗಿನ ಒತ್ತಡವನ್ನೂ ಇಳಿಸುತ್ತವೆ, ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕೆಡುವ ಕಿಡ್ನಿಯನ್ನು ಇವು ಕಾಪಾಡುತ್ತವೆ ಅಂತ 1993ರಲ್ಲಿ ಎನಲಾಪ್ರಿಲ್ ಗುಂಪಿನದೇ ಆದ ಕ್ಯಾಪ್ಟೋಪ್ರಿಲ್‌ನಿಂದ, 2001ರಲ್ಲಿ ಲೋಸಾರ್ಟನ್‌ನಿಂದ ನಡೆದ ಪ್ರಯೋಗಗಳು ತೋರಿಸಿದವು. ಎನಲಾಪ್ರಿಲ್‌ನಿಂದ ಒಣಕೆಮ್ಮು ಬಂದರೆ ಲೋಸಾರ್ಟನ್‌ಗೆ ಬದಲಿಸುತ್ತೇವೆ. ಬಸುರಿಯರಿಗೆ ಎರಡನ್ನೂ ಕೊಡಬಾರದು. ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ನೋಡಲೇಬೇಕು. ಕ್ರಿಯೇಟಿನಿನ್ ಸ್ವಲ್ಪ ಏರುತ್ತದೆ. ಮೊದಲೆಲ್ಲ ಅದನ್ನು ನೋಡಿ ಹೆದರಿ ಮಾತ್ರೆ ನಿಲ್ಲಿಸಿಬಿಡುತ್ತಿದ್ದೆ. ಶೇಕಡಾ 30ರ ಒಳಗಿನ ಏರಿಕೆಗೆ ನಿಲ್ಲಿಸಬೇಕಿಲ್ಲ ಅಂತ ಕಲಿಯುವಷ್ಟರಲ್ಲಿ ಕೆಲವರಿಗೆ ಬೇಕಾದ ಔಷಧಿಯನ್ನೇ ತಪ್ಪಿಸಿದ್ದೆ. ಡಾಪಾಗ್ಲಿಫ್ಲೋಜಿನ್ ಥರದ ಹೊಸ ಮಾತ್ರೆಗಳು ಶುಗರ್ ಇಲ್ಲದವರ ಕಿಡ್ನಿಯನ್ನೂ ಕಾಯುತ್ತವೆ ಅಂತ 2020ರಲ್ಲಿ ಗೊತ್ತಾಯಿತು. ಕೈಗೆಟುಕುವವರಿಗೆ ಅದನ್ನೂ ಸೇರಿಸುತ್ತೇವೆ. ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟಬಾರದು. ಬೀಡಿ, ಸಿಗರೇಟು ಬಿಡಬೇಕು.

ಇನ್ನು ನೋವಿನ ಮಾತ್ರೆಗಳ ವಿಷಯ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ದಿನವಿಡೀ ಬಗ್ಗಿ ದುಡಿಯುವವರಿಗೆ ಸೊಂಟ ನೋವು, ಮಂಡಿ ನೋವು ಇದ್ದೇ ಇರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಚೀಟಿ ಇಲ್ಲದೆ ಸಿಗುತ್ತವೆ. ತಿಂಗಳುಗಟ್ಟಲೆ ನುಂಗುತ್ತಾರೆ. "ಬೇರೆ ಏನಾದ್ರೂ ಮಾತ್ರೆ ತಗೋತೀರಾ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅದನ್ನು ಅವರು ಔಷಧಿ ಅಂದುಕೊಂಡೇ ಇಲ್ಲ. ನಾನೀಗ ಕೇಳುವ ಪ್ರಶ್ನೆ ಬೇರೆ. "ಕೆಲಸ ಮುಗಿಸಿ ಬಂದಾಗ ಮೈಕೈ ನೋವಿಗೆ ಏನು ಮಾಡ್ತೀರಾ?" ಆಗ ಚೀಲದಿಂದ ಮಾತ್ರೆ ಹಾಳೆ ಹೊರಗೆ ಬರುತ್ತದೆ.

ಎನಲಾಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಹೊಟ್ಟೆಗೆ ಹೋದರೆ ಕಿಡ್ನಿಗೆ ರಕ್ತದ ಹರಿವೇ ಕಡಿಮೆಯಾಗುತ್ತದೆ. ಅದರ ಮೇಲೆ ವಾಂತಿ ಭೇದಿ ಶುರುವಾದರೆ ಎರಡು ದಿನದಲ್ಲಿ ಮೂತ್ರ ನಿಲ್ಲಬಹುದು. ಹಾಗಾಗಿ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಡುತ್ತೇವೆ: ವಾಂತಿ ಭೇದಿ ಆದಾಗ ಗುರುತು ಹಾಕಿದ ಮಾತ್ರೆ ನಿಲ್ಲಿಸಿ, ಓಆರ್‌ಎಸ್ ಕುಡಿಯಿರಿ, ತಕ್ಷಣ ಬಂದು ತೋರಿಸಿ. ನೋವಿಗೆ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಗೊತ್ತಿಲ್ಲದ ಬೇರು, ಪುಡಿಗಳ ಬಗ್ಗೆಯೂ ಬಿಡದೆ ಕೇಳುತ್ತೇನೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ತೆಗೆದುಕೊಂಡ ಹೆಂಗಸರ ಕಿಡ್ನಿಗಳು ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ಹಾಳಾದವು. ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಮೂತ್ರದ ಪಟ್ಟಿ ಸೋಲುವ ಒಂದು ಜಾಗವಿದೆ. ಬಿಸಿಲಲ್ಲಿ ದುಡಿಯುವವರು. ಎಲ್ ಸಾಲ್ವಡಾರ್, ನಿಕರಾಗುವಾದ ಕಬ್ಬಿನ ಗದ್ದೆಗಳಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲಿ, ಆಂಧ್ರದ ಉದ್ದಾನಂನಲ್ಲಿ ಶುಗರ್ ಇಲ್ಲದ, ಬಿಪಿ ಇಲ್ಲದ, ಇನ್ನೂ ಗಟ್ಟಿಮುಟ್ಟಾದ ವಯಸ್ಸಿನವರ ಕಿಡ್ನಿ ಹೋಗುತ್ತಿದೆ. ಕಾರಣ ಪೂರ್ತಿ ಬಗೆಹರಿದಿಲ್ಲ. ಬಿಸಿಲು, ನೀರಿಲ್ಲದೆ ಬಳಲುವುದು, ಕೀಟನಾಶಕ, ಕುಡಿಯುವ ನೀರು, ಎಲ್ಲದರ ಮೇಲೂ ಅನುಮಾನ ಇದೆ. ಇವರ ಮೂತ್ರದಲ್ಲಿ ಪ್ರೋಟೀನ್ ಬಹಳ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಪಟ್ಟಿ ನೋಡಿ ಸರಿಯಿದೆ ಅಂತ ಕಳಿಸಿದರೆ ಮುಗಿಯಿತು. ಇದನ್ನು ಓದಿದ ಮೇಲೆ ಬಿಸಿಲಲ್ಲಿ ದುಡಿಯುವವರಿಗೆಲ್ಲ ಕ್ರಿಯೇಟಿನಿನ್ ಕೂಡ ಮಾಡಿಸುತ್ತೇವೆ. ನೆರಳು, ನೀರು, ನಡುನಡುವೆ ವಿಶ್ರಾಂತಿ ಬೇಕು ಅಂತ ಅವರಿಗೆ ಹೇಳುವುದಕ್ಕಿಂತ ಕೆಲಸ ಮಾಡಿಸುವವರಿಗೆ ಹೇಳಬೇಕು. ನಾನೇ ಹೋಗಿ ಹೇಳಿದ್ದೇನೆ. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ.

ಮಕ್ಕಳಲ್ಲಿ ಗಂಟಲು ನೋವಾಗಿ ಒಂದೆರಡು ವಾರದ ನಂತರ, ಅಥವಾ ಚರ್ಮದ ಹುಣ್ಣಾಗಿ ಮೂರರಿಂದ ಆರು ವಾರದ ನಂತರ ಮುಖ ಊದಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೂ ಕಿಡ್ನಿಯೇ. ಹೆಚ್ಚಿನ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಆದರೆ ಆ ದಿನಗಳಲ್ಲಿ ಬಿಪಿ ನೋಡುತ್ತಲೇ ಇರಬೇಕು.

ಮೊದಲು ಹೇಳಿದ ಆ 52ರ ಮನುಷ್ಯ ದೂರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರು ಮಾಡಿಸಿಕೊಂಡರು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮೂರು ಎರಡಾಯಿತು, ಎರಡು ಒಂದಾಯಿತು. ದುಡ್ಡು, ಬಸ್ಸು, ಜೊತೆಗೆ ಹೋಗುವವರ ಕೂಲಿ. ಒಂಬತ್ತು ತಿಂಗಳಿಗೆ ತೀರಿಕೊಂಡರು. ಅವರ ಹೆಂಡತಿ ನನ್ನನ್ನು ಒಂದು ದಿನವೂ ಬೈದಿಲ್ಲ. ರಿಜಿಸ್ಟರ್‌ನ ಆ ಮೂರು ಸಾಲುಗಳ ವಿಷಯ ನಾನೇ ಅವರಿಗೆ ಹೇಳಿದ್ದೇನೆ.

ಅವರಿಗೆ ಇಬ್ಬರು ಗಂಡುಮಕ್ಕಳು. ಅಪ್ಪನ ಕಿಡ್ನಿ ಹೋಗಿದೆ ಅಂದರೆ ಮಕ್ಕಳನ್ನೂ ನೋಡಬೇಕು. ದೊಡ್ಡವನನ್ನು ತಾಯಿಯೇ ಕರೆತಂದರು. ಬಿಪಿ 150/96, ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್. ಕ್ರಿಯೇಟಿನಿನ್ ಸ್ವಲ್ಪ ಜಾಸ್ತಿ ಇತ್ತು. ಅವನಿಗೂ ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಮಾತ್ರೆ ಶುರು ಮಾಡಿ ಮೂರು ವರ್ಷವಾಯಿತು. ಕ್ರಿಯೇಟಿನಿನ್ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ನಡುವೆ ಎರಡು ಸಲ ಮಾತ್ರೆ ಬಿಟ್ಟಿದ್ದ, ಎರಡೂ ಸಲ ಕಾರ್ಯಕರ್ತೆ ಮನೆಗೆ ಹೋಗಿ ಕರೆತಂದರು.

ಚಿಕ್ಕವನು ಬೇರೆ ಊರಿನಲ್ಲಿ ದುಡಿಯುತ್ತಾನೆ, ಇನ್ನೂ ಪರೀಕ್ಷೆ ಮಾಡಿಸಿಲ್ಲ. ಮುಂದಿನ ವಾರ ಬರುತ್ತಾನಂತೆ. ಅವನ ಹೆಸರನ್ನು ರಿಜಿಸ್ಟರ್‌ನಲ್ಲಿ ಈಗಲೇ ಬರೆದಿಟ್ಟಿದ್ದೇನೆ. ಪಕ್ಕದ ಮೂರು ಅಂಕಣಗಳು ಖಾಲಿ ಇವೆ: ಬಿಪಿ, ಪ್ರೋಟೀನ್, ಕ್ರಿಯೇಟಿನಿನ್.