ಸಬ್‌ಟೈಟಲ್ ತೆಗೆದು ಕೇಳಿ: ಪ್ರವೇಶ ಪರೀಕ್ಷೆಯ ಇಂಗ್ಲಿಷ್‌ಗೆ ತಯಾರಿ ಹೇಗೆ?

ಸಬ್‌ಟೈಟಲ್ ಹಾಕಿಕೊಂಡು ಇಂಗ್ಲಿಷ್ ಸಿನಿಮಾ ನೋಡುವುದು ಲಿಸನಿಂಗ್ ಅಭ್ಯಾಸ ಅಲ್ಲ. ಅದು ಓದು. ಕಣ್ಣು ಅಕ್ಷರ ಓದುತ್ತಿರುತ್ತದೆ, ಕಿವಿ ಸುಮ್ನೆ ಕೂತಿರುತ್ತದೆ. ಗೋಣಿಕೊಪ್ಪ, ಸೋಮವಾರಪೇಟೆ, ಮಡಿಕೇರಿ ಕಡೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳು 'ದಿನಾ ಎರಡು ಗಂಟೆ ಕೇಳ್ತೀನಿ, ಆದ್ರೂ ಮಾರ್ಕ್ಸ್ ಏರ್ತಿಲ್ಲ' ಅಂತ ಬಂದಾಗ ನಾನು ಮೊದಲು ಕೇಳುವುದು ಇದನ್ನೇ: ಸಬ್‌ಟೈಟಲ್ ಇತ್ತಾ? ಇತ್ತು ಅನ್ನುತ್ತಾರೆ. ಇಲ್ಲ ಅಂದವರು ಹಿನ್ನೆಲೆಯಲ್ಲಿ ಏನೋ ಹಾಕಿಕೊಂಡು ವಾಟ್ಸ್‌ಆ್ಯಪ್ ನೋಡುತ್ತಿದ್ದವರು. ಎರಡರಿಂದಲೂ ಏನೂ ಆಗುವುದಿಲ್ಲ.

ಮೊದಲು ನಿಮ್ಮ ಪರೀಕ್ಷೆ ಯಾವುದು ನೋಡಿ

ಇದನ್ನು ಬಿಟ್ಟು ಶುರು ಮಾಡುವವರೇ ಜಾಸ್ತಿ. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಇಂಗ್ಲಿಷ್ ಪತ್ರಿಕೆಯೇ ಇಲ್ಲ, ಹಾಗಾಗಿ ಎರಡು ವರ್ಷ ಇಂಗ್ಲಿಷ್ ಕಡೆ ತಿರುಗಿಯೂ ನೋಡದ ಮಕ್ಕಳು ಕೊನೆಗೆ ಗಾಬರಿಯಾಗುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ. ಕಲಬುರಗಿ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ದಾರಿ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಉತ್ತರಿಸುವ ಪ್ಯಾಸೇಜ್, ಕಲಸಿಟ್ಟ ವಾಕ್ಯಗಳನ್ನು ಸಾಲಾಗಿ ಜೋಡಿಸುವುದು, ಪದಗಳ ಅರ್ಥ ಇರುತ್ತದೆ. 2025ರಿಂದ 60 ನಿಮಿಷಕ್ಕೆ 50 ಪ್ರಶ್ನೆ, ಎಲ್ಲವೂ ಕಡ್ಡಾಯ. ಸರಿಯಾದರೆ 5 ಅಂಕ, ತಪ್ಪಿದರೆ 1 ಕಳೆಯುತ್ತಾರೆ. ಲಿಸನಿಂಗ್ ಇಲ್ಲ. ಕಾನೂನು ಓದುವವರ ಕ್ಲ್ಯಾಟ್‌ನಲ್ಲೂ ಇಲ್ಲ, ಅಲ್ಲಿ ಸುಮಾರು 450 ಪದಗಳ ಪ್ಯಾಸೇಜ್ ಓದಬೇಕು.

ಲಿಸನಿಂಗ್ ಇರುವುದು ಹೊರದೇಶದ ವಿಶ್ವವಿದ್ಯಾಲಯಗಳು ಕೇಳುವ ಐಇಎಲ್‌ಟಿಎಸ್, ಟೋಫೆಲ್‌ನಂಥ ಪರೀಕ್ಷೆಗಳಲ್ಲಿ. ಐಇಎಲ್‌ಟಿಎಸ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಆಡಿಯೊ ಒಂದೇ ಸಲ ಹಾಕುತ್ತಾರೆ. ರೀಡಿಂಗ್‌ಗೂ 40 ಪ್ರಶ್ನೆ, ಆದರೆ 60 ನಿಮಿಷ. ಎರಡರಲ್ಲೂ 40ಕ್ಕೆ ಸುಮಾರು 30 ಸರಿ ಬಂದರೆ ಬ್ಯಾಂಡ್ (ಅಂಕದ ಮಟ್ಟ) 7. ಟೋಫೆಲ್‌ನ ರೂಪ 2026ರ ಜನವರಿಯಿಂದ ಬದಲಾಗಿದೆ, ಆದ್ದರಿಂದ ಅಣ್ಣನೋ ಅಕ್ಕನೋ ಬಳಸಿದ ಹಳೆ ಗೈಡು ಅಟ್ಟದಲ್ಲೇ ಇರಲಿ.

ಬರೀ ಸಿಯುಇಟಿ ಬರೆಯುವವರು ಲಿಸನಿಂಗ್ ಭಾಗ ಹಾರಿಸಿ ಮುಂದೆ ಹೋಗಬಹುದು. ಹೋಗದಿದ್ದರೆ ಒಳ್ಳೆಯದು. ಸೀಟು ಸಿಕ್ಕ ಮೇಲೆ ಕ್ಲಾಸಿನಲ್ಲಿ ಪಾಠ ಹೇಳುವವರು ಸಬ್‌ಟೈಟಲ್ ಹಾಕಿಕೊಂಡು ಬರುವುದಿಲ್ಲ ಅಲ್ವಾ.

ಆಡಿಯೊ ಆರಿಸಿಕೊಳ್ಳುವುದು

ಮೂರರಿಂದ ಆರು ನಿಮಿಷದ್ದು ಸಾಕು. ಅದರ ಪೂರ್ತಿ ಬರಹ, ಅಂದರೆ ಟ್ರಾನ್ಸ್‌ಕ್ರಿಪ್ಟ್ ಸಿಗಲೇಬೇಕು, ಇಲ್ಲದಿದ್ದರೆ ಬೇಡ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳು, ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಜಾಲತಾಣ ಎರಡೂ ಉಚಿತ, ಬರಹದ ಜೊತೆಗೇ ಬರುತ್ತವೆ. ಲೆಕ್ಚರ್ ಕೇಳಿ ಅಭ್ಯಾಸವಾಗಲು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ಜಾಲತಾಣದಲ್ಲಿ ಸಿಗುವ ಐಐಟಿ ಪಾಠಗಳೂ ಚೆನ್ನ. ಆದರೆ ಐಇಎಲ್‌ಟಿಎಸ್‌ನಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕದ ಉಚ್ಚಾರಣೆಗಳೆಲ್ಲ ಬರುತ್ತವೆ. ಒಂದೇ ದನಿಗೆ ಒಗ್ಗಿಕೊಂಡು ಕೂರಬೇಡಿ.

ಎಲ್ಲವನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ, ಶೀಟಿನ ಮಾಡಿನ ಕೆಳಗೆ ಕೂತರೆ ಮೊಬೈಲ್ ಸ್ಪೀಕರಿನ ದನಿ ನಿಮಗೇ ಕೇಳಿಸುವುದಿಲ್ಲ. ಇಯರ್‌ಫೋನ್ ಬೇಕು. ಬಾಸ್ ಜಾಸ್ತಿ ಇರುವ, ಹಾಡಿಗೆ ಚೆನ್ನಾಗಿರುವ ಇಯರ್‌ಫೋನ್ ಬೇಡ. ಅದರಲ್ಲಿ ಪದದ ಕೊನೆಯ ಟ್, ಸ್, ಡ್ ಮುಳುಗಿಹೋಗುತ್ತದೆ, ಅಂಕ ಇರುವುದೇ ಅಲ್ಲಿ.

'30 ದಿನದಲ್ಲಿ ಇಂಗ್ಲಿಷ್' ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ಟೆಲಿಗ್ರಾಂನಲ್ಲಿ 'ಈ ತಿಂಗಳು ಬರುವ ಪ್ರಶ್ನೆ' ಅಂತ ಮಾರುವ ಪಿಡಿಎಫ್‌ಗಂತೂ ಬೇಡವೇ ಬೇಡ.

ಕೇಳುವುದು, ಬರೆಯುವುದು, ತಪ್ಪು ಹುಡುಕುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಸಲ ಎಲ್ಲೂ ನಿಲ್ಲಿಸದೆ ಕೇಳಿ. ಮುಗಿದ ಮೇಲೆ ಏನು ಹೇಳಿದರು ಅಂತ ಎರಡು ಸಾಲು ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರಾದರೆ ಅದರಲ್ಲೇ. ಇಂಗ್ಲಿಷ್‌ನಲ್ಲಿ ಬರೆಯಲು ಹೋದರೆ ಕಿವಿಗೆ ಬಿದ್ದ ನಾಲ್ಕು ಪದ ಹಾಗೇ ಗೀಚಿ, ಅರ್ಥವಾಯಿತು ಅಂತ ನಮಗೆ ನಾವೇ ನಂಬಿಸಿಕೊಳ್ಳುತ್ತೇವೆ.

ಆಮೇಲೆ ಒಂದು ನಿಮಿಷದ ತುಂಡು ಮಾತ್ರ ತೆಗೆದುಕೊಳ್ಳಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕೇಳಿಸಿದ್ದನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. ಕೇಳಿಸದ ಕಡೆ ಗೆರೆ ಎಳೆದು ಜಾಗ ಬಿಡಿ. ಬೇಕಾದರೆ ಮತ್ತೆ ಹಿಂದೆ ಹೋಗಿ, ಆದರೆ ಒಂದೇ ವಾಕ್ಯಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ವೇಗ ಕಡಿಮೆ ಮಾಡಲೂ ಬೇಡ, ಪರೀಕ್ಷೆಯಲ್ಲಿ ನಿಮಗಾಗಿ ಯಾರೂ ನಿಧಾನ ಮಾಡುವುದಿಲ್ಲ. ಒಂದು ನಿಮಿಷದ ಆಡಿಯೊಗೆ ಅರ್ಧ ಗಂಟೆ ಹಿಡಿಯುತ್ತದೆ. ಬೇಜಾರಿನ ಕೆಲಸವೇ. ಎರಡು ಗಂಟೆ ಸಿನಿಮಾಗಿಂತ ಈ ಅರ್ಧ ಗಂಟೆ ಮೇಲು.

ಈಗ ಟ್ರಾನ್ಸ್‌ಕ್ರಿಪ್ಟ್ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದಿ. ತಿದ್ದಿ ಪುಸ್ತಕ ಮುಚ್ಚಿಬಿಡುತ್ತಾರೆ ಬಹಳ ಜನ, ಅಲ್ಲೇ ಅರ್ಧ ಲಾಭ ಹೋಯಿತು. ಪ್ರತಿ ತಪ್ಪಿನ ಪಕ್ಕ ಯಾಕೆ ತಪ್ಪಿತು ಅಂತ ಗುರುತು ಹಾಕಬೇಕು. ಕಾರಣ ಮೂರೇ ಥರ.

ಒಂದು, ಆ ಪದವೇ ಗೊತ್ತಿರಲಿಲ್ಲ. ಇದು ಸುಲಭ, ಪದ ಕಲಿತರೆ ಮುಗಿಯಿತು. ಆದರೆ ನಿಜಕ್ಕೂ ಇಂಥ ತಪ್ಪು ನೀವು ಅಂದುಕೊಂಡಷ್ಟು ಇರುವುದಿಲ್ಲ, ಆದ್ದರಿಂದಲೇ ಮೂರು ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡಿದವರಿಗೂ ಲಿಸನಿಂಗ್ ಬರುವುದಿಲ್ಲ.

ಎರಡು, ಪದ ಗೊತ್ತಿತ್ತು, ಬರೆದಿದ್ದರೆ ಓದುತ್ತಿದ್ದಿರಿ, ಕಿವಿಗೆ ಮಾತ್ರ ಸಿಗಲಿಲ್ಲ. ಬಹುಪಾಲು ತಪ್ಪು ಈ ಗುಂಪಿನದೇ. ಇಂಗ್ಲಿಷ್ ಮಾತಾಡುವವರು ಪದಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. 'ಪಿಕ್ ಇಟ್ ಅಪ್' ಅನ್ನುವುದು 'ಪಿಕಿಟಪ್' ಆಗುತ್ತದೆ. 'ಶುಡ್ ಹ್ಯಾವ್' ಅನ್ನುವುದು 'ಶುಡವ್'. 'ಆ್ಯನ್ ಅವರ್ ಎಗೋ' ಒಂದೇ ಉಸಿರಿಗೆ 'ಅನವರಗೋ'. ನಾವು 'ಏನು ಮಾಡುತ್ತಿದ್ದೀಯಾ' ಅನ್ನುವುದನ್ನು 'ಏನ್ಮಾಡ್ತಿದೀಯ' ಅಂತ ಒಂದೇ ಪದ ಮಾಡುವುದಿಲ್ಲವೇ, ಹಾಗೇ. ನಮಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದು ಬೋರ್ಡಿನ ಮೇಲೆ, ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟು. ಕಿವಿ ಆ ಜಾಗವನ್ನು ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಇದಕ್ಕೆ ಮದ್ದು, ಆ ತುಂಡನ್ನು ಅವರು ಹೇಳಿದ ಹಾಗೇ ಬಾಯಲ್ಲಿ ಹೇಳುವುದು. ಅವರದೇ ವೇಗ, ಅವರದೇ ಏರಿಳಿತ. ಆಡಿಯೊ ಹಾಕಿ ಅದರ ಬೆನ್ನಿಗೇ ಗಟ್ಟಿಯಾಗಿ ಹೇಳಿ. ಮನೆಯವರು ನಗುತ್ತಾರೆ ಅಂತಿದ್ದರೆ ತೋಟದ ಕಡೆ ಹೋಗಿ ಹೇಳಿ. ಬಾಯಿಗೆ ಬಂದದ್ದು ಕಿವಿಗೆ ಬೇಗ ಸಿಗುತ್ತದೆ. ಇದೇ ಗುಂಪಿಗೆ ಸೇರುವ ಇನ್ನೂ ಕೆಲವು ಇವೆ. ಥರ್ಟೀನ್ ಮತ್ತು ಥರ್ಟಿ: ಮೊದಲನೆಯದರಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ, ಎರಡನೆಯದರಲ್ಲಿ ಮೊದಲಿಗೆ. ಫೋನ್ ನಂಬರಿನಲ್ಲಿ ಸೊನ್ನೆಗೆ 'ಓ' ಅನ್ನುತ್ತಾರೆ, 44ಕ್ಕೆ 'ಡಬಲ್ ಫೋರ್'. ಹೆಸರಿನ ಅಕ್ಷರ ಬಿಡಿಸಿ ಹೇಳುವಾಗ ಜಿ ಮತ್ತು ಜೆ, ಎ ಮತ್ತು ಇ ಕಲಸಿಹೋಗುತ್ತವೆ. ಅಮೆರಿಕದವರು ಜೆಡ್ ಅನ್ನುವುದಿಲ್ಲ, 'ಜೀ' ಅನ್ನುತ್ತಾರೆ, ನಮ್ಮ ಮಕ್ಕಳು ಅದನ್ನು ಜಿ ಅಂತ ಬರೆದು ಬರುತ್ತಾರೆ.

ಮೂರು, ಎಲ್ಲ ಕೇಳಿಸಿತು, ಅರ್ಥವೂ ಆಯಿತು, ಆದರೆ ಹಿಂದಿನ ವಾಕ್ಯದ ಬಗ್ಗೆ ಯೋಚಿಸುತ್ತಾ ಮುಂದಿನದು ಕಳೆದುಹೋಯಿತು. ಇದು ಭಾಷೆಯ ತೊಂದರೆ ಅಲ್ಲ, ಚಾಳಿ. ಪರೀಕ್ಷೆಯಲ್ಲಿ ಉತ್ತರಗಳು ಸಾಮಾನ್ಯವಾಗಿ ಪ್ರಶ್ನೆಗಳ ಕ್ರಮದಲ್ಲೇ ಬರುತ್ತವೆ. 7ನೇದು ತಪ್ಪಿತಾ, ಬಿಡಿ, ಕಣ್ಣನ್ನು 8ಕ್ಕೆ ಹಾಕಿ. ಹೋದ ಒಂದಕ್ಕೆ ಅಳುತ್ತಾ ಕೂತವರು ಇನ್ನೂ ಮೂರು ಕಳೆದುಕೊಳ್ಳುತ್ತಾರೆ.

ಒಂದು ವಾರದ ಕೆಂಪು ಗುರುತುಗಳನ್ನು ಎಣಿಸಿದರೆ ನಿಮ್ಮ ರೋಗ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ಅದನ್ನು ಬಿಟ್ಟು ಮೈಸೂರಿನಲ್ಲಿ ಕೋಚಿಂಗ್ ಸೇರಿದರೆ ಎಲ್ಲರಿಗೂ ಕೊಡುವ ಅದೇ ಮಾತ್ರೆ ನಿಮಗೂ ಕೊಡುತ್ತಾರೆ.

ಪರೀಕ್ಷೆಗೆ ಹೋಗುವ ಮುಂಚೆ ಇನ್ನೆರಡು ವಿಷಯ. ಆಡಿಯೊದವರು ಬೇಕೆಂದೇ ದಾರಿ ತಪ್ಪಿಸುತ್ತಾರೆ: 'ಮಂಗಳವಾರ ಬನ್ನಿ' ಅಂದು, ಒಂದು ಉಸಿರು ಬಿಟ್ಟು, 'ಅಯ್ಯೋ ಮಂಗಳವಾರ ಆಗಲ್ಲ, ಗುರುವಾರ' ಅನ್ನುತ್ತಾರೆ. ಮೊದಲು ಕೇಳಿಸಿದ್ದನ್ನೇ ಬರೆದು ಪೆನ್ನು ಕೆಳಗಿಡಬೇಡಿ. ಇನ್ನೊಂದು, ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಇಲ್ಲ, ಎರಡು ಪದ ಮೀರಬಾರದು ಅಂದ ಕಡೆ ಮೂರು ಬರೆದರೂ ಇಲ್ಲ, ಕೊನೆಯ ಎಸ್ ಬಿಟ್ಟರೂ ಇಲ್ಲ. ಐಇಎಲ್‌ಟಿಎಸ್ ಕಾಗದದಲ್ಲಿ ಬರೆಯುವುದಾದರೆ ಉತ್ತರ ಇಳಿಸಲು ಕೊನೆಗೆ 10 ನಿಮಿಷ ಸಿಗುತ್ತದೆ, ಕಂಪ್ಯೂಟರಿನಲ್ಲಿ ನೋಡಿಕೊಳ್ಳಲು 2 ನಿಮಿಷ ಮಾತ್ರ.

ಓದುವುದು

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ದಿನಾ ಓದಿ ಅಂತ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಶುರುವಿನಲ್ಲೇ ಸಂಪಾದಕೀಯ ಹಿಡಿದವರು ಮೂರನೇ ದಿನ ಪತ್ರಿಕೆಯನ್ನೇ ಬಿಡುತ್ತಾರೆ. ನಿಮಗೆ ಗೊತ್ತಿರುವ ವಿಷಯದಿಂದ ಶುರು ಮಾಡಿ: ಕಾಫಿ ಬೆಲೆ, ಆನೆ ಹಾವಳಿ, ಕಾವೇರಿ ನೀರು, ಹಾಕಿ. ವಿಷಯ ಗೊತ್ತಿದ್ದಾಗ ಗೊತ್ತಿಲ್ಲದ ಪದದ ಅರ್ಥ ಅಲ್ಲೇ ಊಹಿಸಬಹುದು, ಪ್ರತಿ ಸಾಲಿಗೂ ಡಿಕ್ಷನರಿ ತೆಗೆಯಬೇಕಾಗಿಲ್ಲ. ಒಂದು ತಿಂಗಳಾದ ಮೇಲೆ ವಿಜ್ಞಾನ, ಇತಿಹಾಸ, ಆಮೇಲೆ ಸಂಪಾದಕೀಯ.

ಪ್ರಶ್ನೆ ಮೊದಲೋ ಪ್ಯಾಸೇಜ್ ಮೊದಲೋ ಅನ್ನುವ ಜಗಳ ಯಾವಾಗಲೂ ಇದೆ. ಸಿಯುಇಟಿಯಂಥ ಚಿಕ್ಕ ಪ್ಯಾಸೇಜ್ ಆದರೆ ಪೂರ್ತಿ ಓದಿ, ಆಮೇಲೆ ಪ್ರಶ್ನೆ. ಐಇಎಲ್‌ಟಿಎಸ್‌ನ ಉದ್ದದ ಪ್ಯಾಸೇಜ್‌ನಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯ ನೋಡಿಕೊಂಡು ಪ್ರಶ್ನೆಗೆ ಹೋಗಿ, ಬೇಕಾದ ಪ್ಯಾರಾಕ್ಕೆ ವಾಪಸು ಬನ್ನಿ. ಮೂರು ಪ್ಯಾಸೇಜಿಗೆ 60 ನಿಮಿಷ ಅಂದರೆ ಒಂದಕ್ಕೆ 20, ಮತ್ತು ರೀಡಿಂಗ್‌ನಲ್ಲಿ ಉತ್ತರ ಇಳಿಸಲು ಬೇರೆ ಸಮಯ ಕೊಡುವುದಿಲ್ಲ.

ಕಷ್ಟ ಇರುವುದು ಐಇಎಲ್‌ಟಿಎಸ್‌ನ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳಲ್ಲಿ, ಅಂದರೆ ಒಂದು ಹೇಳಿಕೆ ಸರಿಯೋ, ತಪ್ಪೋ, ಪ್ಯಾಸೇಜ್‌ನಲ್ಲಿ ಹೇಳಿಯೇ ಇಲ್ಲವೋ ಅಂತ ಗುರುತಿಸುವುದರಲ್ಲಿ. ಮತ್ತು ನಮ್ಮ ಮಕ್ಕಳು ಅದರಲ್ಲಿ ಜಾಸ್ತಿ ತಪ್ಪುವುದು ತಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ. ಒಂದು ಪ್ಯಾಸೇಜ್ ಹೀಗಿದೆ ಅಂದುಕೊಳ್ಳಿ: 'ರೊಬಸ್ಟಾ ಗಿಡ ಹೂ ಬಿಡಲು ಫೆಬ್ರವರಿ, ಮಾರ್ಚ್‌ನಲ್ಲಿ ಮಳೆ ಬೇಕು. ಮಳೆ ಬಾರದಿದ್ದರೆ ಕೆಲವು ಬೆಳೆಗಾರರು ಸ್ಪ್ರಿಂಕ್ಲರ್ ಹಾಕುತ್ತಾರೆ.' ಇದರ ಮೇಲೆ ಮೂರು ಹೇಳಿಕೆ.

'ಮಳೆ ಬಾರದಿದ್ದರೆ ಯಾವ ಬೆಳೆಗಾರರೂ ಏನೂ ಮಾಡುವುದಿಲ್ಲ.' ಫಾಲ್ಸ್, ಪ್ಯಾಸೇಜ್ ಇದಕ್ಕೆ ನೇರವಾಗಿ ವಿರುದ್ಧ ಹೇಳುತ್ತದೆ. 'ಹೂ ಬಿಡುವುದು ಮಳೆಯನ್ನು ನಂಬಿಕೊಂಡಿದೆ.' ಟ್ರೂ, ಬೇರೆ ಮಾತಿನಲ್ಲಿ ಅದೇ ವಿಷಯ. 'ಸ್ಪ್ರಿಂಕ್ಲರ್ ಹಾಕಲು ಖರ್ಚು ಜಾಸ್ತಿ.' ಇಲ್ಲಿ ತೋಟದ ಮನೆಯ ಮಕ್ಕಳು ಕಣ್ಣು ಮುಚ್ಚಿ ಟ್ರೂ ಅಂತ ಹಾಕುತ್ತಾರೆ, ಯಾಕೆಂದರೆ ಡೀಸೆಲ್ ಬಿಲ್ಲು ಎಷ್ಟಾಯಿತು ಅಂತ ಅಪ್ಪ ಊಟಕ್ಕೆ ಕೂತಾಗೆಲ್ಲ ಹೇಳುವುದನ್ನು ಕೇಳಿದ್ದಾರೆ. ಪ್ಯಾಸೇಜ್‌ನಲ್ಲಿ ಖರ್ಚಿನ ಸುದ್ದಿಯೇ ಇಲ್ಲ. ನಾಟ್ ಗಿವನ್.

ಅಭ್ಯಾಸ ಮಾಡುವಾಗ ಪ್ರತಿ ಉತ್ತರಕ್ಕೂ ಪ್ಯಾಸೇಜ್‌ನಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ. ಟ್ರೂಗೆ ಗೆರೆ ಸಿಗಬೇಕು, ಫಾಲ್ಸ್‌ಗೂ ಗೆರೆ ಸಿಗಬೇಕು. ಗೆರೆ ಎಳೆಯಲು ಜಾಗವೇ ಸಿಗದಿದ್ದರೆ ನಾಟ್ ಗಿವನ್ ಅಂತ ಬರೆದು ಮುಂದೆ ಹೋಗಿ. ಅರ್ಧ ಗಂಟೆ ಹುಡುಕಬೇಡಿ. ಆಲ್, ಓನ್ಲಿ, ಸಮ್, ಮೋಸ್ಟ್ ಇಂಥ ಚಿಕ್ಕ ಪದಗಳ ಮೇಲೆ ಕಣ್ಣಿರಲಿ, 'ಕೆಲವು' ಇದ್ದದ್ದನ್ನು 'ಎಲ್ಲ' ಮಾಡಿ ಕೇಳುವುದು ಅವರ ಹಳೆಯ ಆಟ.

ಸಿಯುಇಟಿಯ ವಾಕ್ಯ ಜೋಡಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಿ, ದಿಸ್, ಸಚ್ ಅಂತ ಶುರುವಾಗುವ ಸಾಲು ಸಾಮಾನ್ಯವಾಗಿ ಮೊದಲು ಬರುವುದಿಲ್ಲ, ಅದನ್ನು ಹಿಡಿದು ಆಯ್ಕೆಗಳನ್ನು ಹೊಡೆದುಹಾಕುತ್ತಾ ಹೋಗಿ.

ಯಾವಾಗ, ಎಷ್ಟು

ದಿನಕ್ಕೆ ಒಂದು ಗಂಟೆ: ಅರ್ಧ ಕೇಳುವುದಕ್ಕೆ, ಅರ್ಧ ಓದುವುದಕ್ಕೆ. ಭಾನುವಾರ ಏಳು ಗಂಟೆ ಕೂರುವುದು ಲೆಕ್ಕಕ್ಕಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು, ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಅದರ ಬೆನ್ನಿಗೇ ಪಿಯುಸಿ ಪರೀಕ್ಷೆ. ಸಿಯುಇಟಿ ಬರುವುದು ಅದಾದ ಮೇಲೆ. ಅಂದರೆ ಶುರು ಮಾಡಬೇಕಾದದ್ದು ಮಳೆಗಾಲದಲ್ಲೇ, ಶಾಲೆಗೆ ಮಳೆ ರಜೆ ಕೊಟ್ಟ ದಿನಗಳಲ್ಲೇ.

ಮಾದರಿ ಪರೀಕ್ಷೆ ಕೊನೆಯ ಒಂದು ತಿಂಗಳಲ್ಲಿ ಸಾಕು, ವಾರಕ್ಕೆ ಒಂದು. ಆದರೆ ಅದನ್ನು ಮೊಬೈಲಿನಲ್ಲಿ ಮಾಡಬೇಡಿ. ಸಿಯುಇಟಿ ನಡೆಯುವುದು ಕಂಪ್ಯೂಟರಿನಲ್ಲಿ, ಅದನ್ನು ನಡೆಸುವ ಎನ್‌ಟಿಎ ಸಂಸ್ಥೆಯ ಜಾಲತಾಣದಲ್ಲಿ ಉಚಿತ ಮಾದರಿ ಪರೀಕ್ಷೆ ಇದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲೋ, ಮಡಿಕೇರಿ, ಕುಶಾಲನಗರದ ಸೈಬರ್ ಸೆಂಟರಿನಲ್ಲೋ ಗಂಟೆ ಲೆಕ್ಕದಲ್ಲಿ ಕೂತು ಮಾಡಿ. ಪ್ಯಾಸೇಜನ್ನು ಸ್ಕ್ರೋಲ್ ಮಾಡುತ್ತಾ ಓದುವುದು, ಮೌಸ್ ಹಿಡಿದು ಆಯ್ಕೆ ಒತ್ತುವುದು, ಉಳಿದ ಸಮಯ ಕಣ್ಣ ಮುಂದೆಯೇ ಇಳಿಯುತ್ತಿರುವುದು, ಇವೆಲ್ಲ ಮೊದಲ ಸಲ ಪರೀಕ್ಷೆಯ ದಿನವೇ ಆದರೆ ಬರುವ ಉತ್ತರವೂ ಬರುವುದಿಲ್ಲ. ಬಿಡಿಸಲು ಆಗದ ಪ್ರಶ್ನೆಗೆ ಗುರುತು ಹಾಕಿ ಆಮೇಲೆ ವಾಪಸು ಬರುವ ಬಟನ್ ಒಂದಿದೆ, ಅದು ಎಲ್ಲಿದೆ ಅಂತಾದರೂ ಮೊದಲೇ ನೋಡಿಟ್ಟುಕೊಳ್ಳಿ.